ಕೊಳೆತ ಮೊಟ್ಟೆಯ ಸೀಸೆ

ಫೆಬ್ರವರಿ 4

ಬೆಟ್ಟ ಹತ್ತಿ ಕೂತಿರುವ ಮಗಳಿಗೆ ಅಮ್ಮನ ಆಶೀರ್ವಾದ.

ನಿನ್ನ ಪತ್ರ ನಿನ್ನೆ ಬಂತು. ಓದುವ ಮೊದಲು ಮೂಸಿದೆ. ನನ್ನ ಈ ಚಾಳಿ ನಿನಗೆ ಹೊಸದಲ್ಲ. ಸೀಮೆಎಣ್ಣೆ ಸ್ಟೋವು, ಒದ್ದೆ ಉಣ್ಣೆ, ಅದರಡಿಯಲ್ಲಿ ಒಂಚೂರು ಕೆಮ್ಮಿನ ಔಷಧಿ. ನೀನು ಬರೆದದ್ದು "ಆರಾಮವಾಗಿದ್ದೇನೆ" ಎಂದು. ಕೆಮ್ಮಿನ ಸುದ್ದಿಯೇ ಇಲ್ಲ. ಅರ್ಧ ಆಯಸ್ಸು ಸಾಬೂನಿನ ಕಾರ್ಖಾನೆಯಲ್ಲಿ ಮೂಸಿ ಮೂಸಿ ಸಂಬಳ ತಂದವಳ ಹತ್ತಿರ ಈ ಆಟವೆಲ್ಲ ನಡೆಯುವುದಿಲ್ಲ ಮಗಳೇ. ಬಿಸಿನೀರು ಕುಡಿ.

ನಿಮ್ಮ ಹವಾಮಾನ ಕೇಂದ್ರಕ್ಕೆ ಫೋನ್ ಸಿಗದಿರುವುದೇ ಒಳ್ಳೆಯದಾಯಿತೇನೋ. ಫೋನಿನಲ್ಲಿ ನಾವಿಬ್ಬರೂ ಜಗಳ ಬಿಟ್ಟು ಬೇರೆ ಏನಾದರೂ ಆಡಿದ್ದು ನೆನಪಿದೆಯೇ? ವಾರಕ್ಕೊಮ್ಮೆ ರೇಷನ್ ಜೀಪಿನಲ್ಲಿ ಹೋಗಿ ಬರುವ ಕಾಗದದಲ್ಲಿ ಜಗಳವಾಡಲು ಬಹಳ ಪುರುಸೊತ್ತು ಬೇಕು.

ನಿನ್ನ ಮಗಳು ಚೆನ್ನಾಗಿದ್ದಾಳೆ. ಓಣಿಯವರು ಅವಳಿಗೆ ಪಿಟೀಲು ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಹಟ ಹಿಡಿದರೆ ಅದೇ ಸಣ್ಣ ದನಿಯಲ್ಲಿ ಕುಯ್ಯುತ್ತಲೇ ಇರುತ್ತಾಳೆ. ಮಂಚದ ಮೇಲೆ ಮಲಗಿಸಿದರೆ ಉರುಳಿ ಬೀಳುತ್ತಾಳೆಂದು ಬಚ್ಚಲ ಗೋಡೆಯ ಪಕ್ಕ ನೆಲದ ಮೇಲೆ ಹಾಸಿಗೆ ಹಾಕಿಕೊಟ್ಟಿದ್ದೇನೆ. ಅದು ತನ್ನ ಅರಮನೆಯಂತೆ.

ಇನ್ನು ನನ್ನ ಸುದ್ದಿ. ನಗಬೇಡ, ನಾನು ಟೀಚರ್ ಆಗಿದ್ದೇನೆ. ಮನೆ ಸುತ್ತ ಯಾವ ಯಾವ ಗಾಳಿಯಿಂದ ಏನೇನು ಅಪಾಯ ಎಂದು ಜನಕ್ಕೆ ತಿಳಿಸಬೇಕೆಂದು ಆರೋಗ್ಯ ಇಲಾಖೆಯವರು ಓಣಿಗೊಬ್ಬರನ್ನು ಹುಡುಕುತ್ತಿದ್ದರು. ಇನ್‌ಸ್ಪೆಕ್ಟರು ಒಂದು ಮರದ ಪೆಟ್ಟಿಗೆ ಕೊಟ್ಟರು. ಅದರ ತುಂಬ ಪುಟ್ಟ ಸೀಸೆಗಳು: ಅಡುಗೆ ಗ್ಯಾಸು, ಬಣ್ಣದ ಥಿನ್ನರ್, ಸುಟ್ಟ ವೈರು, ಕೊಳೆತ ಮೊಟ್ಟೆ. ಕಣ್ಣಿಗೆ ಬಟ್ಟೆ ಕಟ್ಟಿ ಒಬ್ಬೊಬ್ಬರ ಮೂಗಿಗೂ ಹಿಡಿಯುತ್ತೇನೆ. ಇದು ಏನು, ಎಲ್ಲಿಂದ ಬರುತ್ತದೆ, ಬಂದರೆ ಏನು ಮಾಡಬೇಕು, ಮೂರನ್ನೂ ಹೇಳಬೇಕು. ಮೊನ್ನೆ ಲಾಂಡ್ರಿಯಾಕೆ ಕೊಳೆತ ಮೊಟ್ಟೆಯ ಸೀಸೆ ಮೂಸಿ, "ಅಯ್ಯೋ, ಇದು ನಮ್ಮನೆಯವರ ಕಾಲುಚೀಲ ಕಣ್ರೀ, ನಂಗೆ ಕಣ್ಣು ಕಟ್ಟೋದೇ ಬೇಡ" ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆದರೆ ಪಾಠ ಮರೆಯಲಿಲ್ಲ. ಕೊಳೆತ ಮೊಟ್ಟೆ ಬಂದ್ರೆ ಏನ್ಮಾಡ್ತೀರಿ ಎಂದು ಕೇಳಿದರೆ ಈಗ ಓಣಿಯ ಮಕ್ಕಳೂ ಒಂದೇ ದನಿಯಲ್ಲಿ ಕೂಗುತ್ತವೆ: "ಮಗೂನ ಎತ್ಕೊಳ್ಳಿ, ಹೊರಗೆ ಓಡಿ, ಆಮೇಲೆ ಚಪ್ಪಲಿ ಹುಡುಕಿ!" ನನ್ನನ್ನು ಮೂಸು ಟೀಚರ್ ಅನ್ನುತ್ತಾರೆ. ಅನ್ನಲಿ.

ಆ ಮೊಟ್ಟೆಯ ವಾಸನೆ ನಮ್ಮ ಓಣಿಗೆ ಬರಿಯ ಪಾಠವಲ್ಲ. ಮೇಲಿನ ತುದಿಯ ಚರ್ಮ ಹದ ಮಾಡುವ ಶೆಡ್ಡುಗಳ ನೀರು ಹರಿಯುವ ಚರಂಡಿಗೆ ಹೋದ ವರ್ಷ ಚಪ್ಪಡಿ ಮುಚ್ಚಿದರಲ್ಲ, ಎಲ್ಲರೂ ಚಪ್ಪಾಳೆ ತಟ್ಟಿದೆವು. ಮೊದಲು ಬಯಲಿಗೆ ಹೋಗುತ್ತಿದ್ದ ಗಾಳಿ ಈಗ ಮನೆಮನೆಯ ಬಚ್ಚಲ ತೂತಿನಿಂದ ಮೇಲೆ ಬರುತ್ತಿದೆ. ಎಲ್ಲಕ್ಕಿಂತ ತಗ್ಗಿನಲ್ಲಿರುವುದು ನಮ್ಮ ಮನೆ. ಸಂಜೆ ಶೆಡ್ಡಿನವರು ತೊಟ್ಟಿ ಖಾಲಿ ಮಾಡಿದರೆಂದರೆ ಮುಗಿಯಿತು, ನಾನು ಪಿಟೀಲನ್ನು ಎತ್ತಿಕೊಂಡು ಬೀದಿಗೆ ಬಂದು ನಿಲ್ಲುತ್ತೇನೆ. ವಾಸನೆ ಹೋದ ಮೇಲೆ ಒಳಗೆ ಹೋಗುತ್ತೇವೆ. ದೂರು ಕೊಟ್ಟಿದ್ದೇನೆ, ಅವರನ್ನು ಬಿಡುವವಳಲ್ಲ.

ಇನ್‌ಸ್ಪೆಕ್ಟರು ಬಚ್ಚಲಿಗೆ ಈ ಗಾಳಿ ಬಂದರೆ ಕೂಗುವ ಒಂದು ಮೀಟರು ತೂಗುಹಾಕುತ್ತೇನೆ ಎಂದು ತಂದಿದ್ದರು. ಈ ಗಾಳಿ ಮೊದಲು ಮೂಗನ್ನೇ ಸಾಯಿಸುತ್ತದೆ, ಅದನ್ನೂ ಪಾಠದಲ್ಲಿ ಸೇರಿಸಿ ಎಂದು ಉಪದೇಶ ಬೇರೆ. "ನಿಮ್ಮಂಥ ಮೂಗಿಗೆ ಹಾಗಾಗಬಹುದು ಸರ್, ನಂದು ಫ್ಯಾಕ್ಟರೀಲಿ ಪಳಗಿದ್ದು" ಅಂದೆ. ಪಾಪ, ನಕ್ಕು ಮೀಟರನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಅದನ್ನೆಲ್ಲ ಹೇಳಿದರೆ ಜನ ಸೀಸೆಯನ್ನು ನಂಬುವುದಿಲ್ಲ ಎಂದು ಪಾಠದಿಂದ ಬಿಟ್ಟಿದ್ದೇನೆ.

ಕೆಮ್ಮಿಗೆ ಔಷಧಿ ಸರಿಯಾಗಿ ತಗೋ.

ನಿನ್ನ ಅಮ್ಮ


ಫೆಬ್ರವರಿ 17

ಅಮ್ಮಾ,

ಟೀಚರ್ ಆದದ್ದಕ್ಕೆ ಅಭಿನಂದನೆ. ಕಾಲುಚೀಲದ ಕಥೆ ಓದಿ ಇಲ್ಲಿಯ ಅಡುಗೆಯವರಿಗೂ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು.

ಈಗ ಜಗಳ. ಮೀಟರು ಏಕೆ ಬೇಡ ಅಂದೆ? ಒಂದು ಡಬ್ಬಿ ಗೋಡೆಯ ಮೇಲೆ ನೇತಾಡಿದರೆ ನಿನ್ನ ಮೂಗಿಗೆ ಏನು ಅವಮಾನ? ನಾನು ಇಲ್ಲಿ ಬೆಳಗಾದರೆ ಗಾಳಿಯ ವೇಗ ಅಳೆಯುತ್ತೇನೆ. ಕೆನ್ನೆಗೆ ತಾಗಿದ್ದನ್ನು ನಂಬಿ ಬರೆದರೆ ದಿನಕ್ಕೊಂದು ತಪ್ಪು ವರದಿ ಹೋಗುತ್ತದೆ. ಚಳಿಗೆ ಮರಗಟ್ಟಿದ ಕೆನ್ನೆಗೆ ಬಿರುಗಾಳಿಯೂ ತಿಳಿಯುವುದಿಲ್ಲ. ಮೂಗಿಗೆ ನೆಗಡಿಯಾಗುತ್ತದೆ ಅಮ್ಮ, ಮೀಟರಿಗೆ ಆಗುವುದಿಲ್ಲ.

ನೀನು ಓಣಿಗೆಲ್ಲ ಮೂಗಾಗಿರು, ಬೇಡ ಅನ್ನುವುದಿಲ್ಲ. ಆದರೆ ಆ ಮನೆಯಲ್ಲಿ ನೆಲದ ಮೇಲೆ ಮಲಗುವುದು ನನ್ನ ಮಗಳು. ಅವಳ ಅಪ್ಪ ಬೇರೆ ಸಂಸಾರ ಹೂಡಿದ ಮೇಲೆ ನನಗೆ ಸಿಕ್ಕ ಕೆಲಸ ಇದೊಂದೇ. ಇಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವಂತಿಲ್ಲ. ಮಳೆಗಾಲದ ಹೊತ್ತಿಗೆ ಕೆಳಗಿನ ಕಚೇರಿಗೆ ವರ್ಗ ಮಾಡಿಸಿಕೊಂಡು ಅವಳನ್ನು ಕರೆಸಿಕೊಳ್ಳುತ್ತೇನೆ. ಅಲ್ಲಿಯವರೆಗೆ ನಿನ್ನ ಮೇಲೆ ಬಿಟ್ಟಿದ್ದೇನೆ. ಬಿಟ್ಟಿದ್ದೇನೆ ಎಂಬುದನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದೆ.

ಇದರ ಜೊತೆ ಒಂದು ಗಂಟು ಕಳಿಸುತ್ತಿದ್ದೇನೆ. ಪಿಟೀಲಿಗೆ ನಾನೇ ಹೆಣೆದ ಸ್ವೆಟರ್. ತೋಳು ಒಂದು ಉದ್ದ, ಒಂದು ಗಿಡ್ಡ. ಅವಳಿಗೆ ಹೇಳಬೇಡ, ಅವಳೇ ಕಂಡುಹಿಡಿದು ಕುಯ್ಯಲಿ. ನೆಗಡಿಗೆಂದು ನೀಲಗಿರಿ ಎಣ್ಣೆಯ ಒಂದು ಸೀಸೆಯೂ ಇದೆ.

ಮೀಟರು ಹಾಕಿಸು. ನನಗಾಗಿ.

ನಿನ್ನ ಮಗಳು


ಮಾರ್ಚ್ 5

ಜಗಳಗಂಟಿ ಮಗಳಿಗೆ,

ಮೊದಲು ಸಿಹಿ ಸುದ್ದಿ. ವಾಸನೆ ಹೋಯಿತು! ನಾನು ಕೊಟ್ಟ ದೂರುಗಳಿಗೆ ಕೊನೆಗೂ ಯಾರೋ ಕಿವಿಗೊಟ್ಟಿರಬೇಕು, ಶೆಡ್ಡಿನವರು ಏನೋ ಸರಿ ಮಾಡಿದ್ದಾರೆ. ವಾರದಿಂದ ಬಚ್ಚಲ ತೂತಿಗೆ ಮೂಗು ಇಟ್ಟು ನೋಡುತ್ತಿದ್ದೇನೆ, ಏನೂ ಇಲ್ಲ. ಮನೆಮನೆಗೆ ಹೋಗಿ ಹೇಳಿ ಬಂದೆ. "ಟೀಚರಮ್ಮ ಹೇಳಿದ್ಮೇಲೆ ಆಯ್ತು" ಎಂದು ಕಿಟಕಿ ಬಾಗಿಲು ಹಾಕಿಕೊಂಡು ನೆಮ್ಮದಿಯಾಗಿ ಮಲಗುತ್ತಿದ್ದಾರೆ. ಸಂಜೆ ಬೀದಿಗೆ ಓಡುವ ಕಾಟ ತಪ್ಪಿತು.

ಇನ್‌ಸ್ಪೆಕ್ಟರು ಮತ್ತೆ ಮೀಟರು ತಂದಿದ್ದರು. ನಿನ್ನ ಮಾತು ನೆನಪಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಇಲಾಖೆಯ ಹತ್ತಿರ ಇರುವುದೇ ಬೆರಳೆಣಿಕೆಯಷ್ಟು. ಅಪಾಯವೇ ಇಲ್ಲದ ಮನೆಯಲ್ಲಿ ಅದು ನೇತಾಡುವುದು ಯಾವ ನ್ಯಾಯ? ಬೇರೆ ಓಣಿಗೆ ಕೊಡಿ ಎಂದು ಕಳಿಸಿದೆ. ಸಿಟ್ಟಾಗಬೇಡ.

ಪಿಟೀಲು ಈಗ ಹೊಸ ರಾಗ ಹಿಡಿದಿದ್ದಾಳೆ. ಬೆಳಗ್ಗೆ ಎದ್ದರೆ ತಲೆನೋವು, ಕಣ್ಣುರಿ, ಸ್ಕೂಲಿಗೆ ಹೋಗಲ್ಲ. "ಅಜ್ಜೀ, ಮೊಟ್ಟೆ ವಾಸ್ನೆ" ಎಂದು ಮೂಗು ಮುಚ್ಚಿಕೊಂಡು ಕೂರುತ್ತಾಳೆ. ಪಾಠ ಕೇಳಿ ಕೇಳಿ ಕಲಿತ ನಾಟಕ. "ಮೂಸು ಟೀಚರ್ ನಾನೋ ನೀನೋ?" ಎಂದು ಗದರಿಸಿ ಕಳಿಸುತ್ತೇನೆ. ನೀನೂ ಚಿಕ್ಕವಳಿದ್ದಾಗ ಗಣಿತದ ಪರೀಕ್ಷೆಯ ದಿನ ಹೊಟ್ಟೆನೋವು ತರಿಸಿಕೊಳ್ಳುತ್ತಿದ್ದೆ.

ಮಹಡಿಯ ಮೇಲೆ ಬಾಡಿಗೆಗೆ ಬಂದವರು ಪೆಟ್ಟಿಗೆ ಬಿಚ್ಚುವ ಮೊದಲೇ ಖಾಲಿ ಮಾಡಿದರು. ನಾಜೂಕಿನ ಜನ. ಅಂಚೆಯವನೂ ಈಚೆಗೆ ಮುಖಕ್ಕೆ ಕರ್ಚೀಫು ಕಟ್ಟಿಕೊಂಡೇ ಓಣಿಗೆ ಬರುತ್ತಾನೆ, ಏನು ಶೋಕಿಯೋ! ನೀರು ಬೇರೆ ಕೆಟ್ಟಿದೆ. ಪಿಟೀಲಿನ ಬೆಳ್ಳಿ ಬಟ್ಟಲು ಎಷ್ಟು ತಿಕ್ಕಿದರೂ ಮರುದಿನಕ್ಕೆ ಕಪ್ಪು.

ಸ್ವೆಟರ್ ಬಂತು. ತೋಳಿನ ವಿಷಯ ಅವಳಿಗೆ ತಕ್ಷಣ ತಿಳಿಯಿತು, ಆದರೂ ಬಿಚ್ಚುವುದಿಲ್ಲ. ನಿನ್ನ ಪತ್ರ ಮೂಸಿದೆ, ಎಂದಿನ ಸೀಮೆಎಣ್ಣೆ. ಕಾಗದದ ತುಂಬ ಎಣ್ಣೆ ಕಲೆ, ಅಡುಗೆ ಮಾಡುತ್ತ ಬರೆದೆಯಾ? ನೀಲಗಿರಿ ಸೀಸೆ ಗಂಟಿನಲ್ಲಿ ಇರಲಿಲ್ಲ, ಹಾಕಲು ಮರೆತಿರಬೇಕು.

ನಿನ್ನ ಅಮ್ಮ


ಮಾರ್ಚ್ 16

ಅಮ್ಮಾ,

ಇದನ್ನು ಓದುತ್ತಿರುವ ಹಾಗೇ ಪಿಟೀಲನ್ನು ಎತ್ತಿಕೊಂಡು ಮನೆಯಿಂದ ಹೊರಗೆ ಹೋಗು. ಉಳಿದದ್ದನ್ನು ಬೀದಿಯಲ್ಲಿ ನಿಂತು ಓದು.

ಹೋದೆಯಾ?

ಆ ಸೀಸೆ ನಾನು ಮರೆಯಲಿಲ್ಲ. ಅದು ದಾರಿಯಲ್ಲಿ ಒಡೆಯಿತು. ಜೀಪಿನ ಡ್ರೈವರು ಮರಳಿ ಬಂದು ನನಗೆ ಬಾಯಿಗೆ ಬಂದ ಹಾಗೆ ಬೈದರು. ಗಾಜಿನ ಚೂರು ಆರಿಸಿ ಬಿಸಾಡಿದ್ದೂ ಅವರೇ. ಜೀಪೆಲ್ಲ ನೀಲಗಿರಿ ಎಣ್ಣೆ ನಾರುತ್ತಿತ್ತಂತೆ, ನಿನ್ನ ಗಂಟು, ಪತ್ರ ಎಲ್ಲ ತೊಯ್ದು ತೊಪ್ಪೆಯಾಗಿತ್ತಂತೆ. "ನಿಮ್ಮ ತಾಯಿ ಲಕೋಟೆ ಒಡೆದರೆ ಕಣ್ಣಲ್ಲಿ ನೀರು ಬರುತ್ತೆ ನೋಡಿ" ಅಂದಿದ್ದರು. ನೀನು ಏನೆಂದು ಹಂಗಿಸುತ್ತೀಯೋ ಎಂದು ಕಾಯುತ್ತಿದ್ದೆ. ನೀನು ಬರೆದದ್ದು ಸೀಮೆಎಣ್ಣೆ. ಇಲ್ಲಿ ಸೀಮೆಎಣ್ಣೆ ಸ್ಟೋವು ಹೋಗಿ ಕರೆಂಟಿನ ಒಲೆ ಬಂದು ತಿಂಗಳ ಮೇಲಾಯಿತು ಅಮ್ಮ.

ನಿನಗೆ ವಾಸನೆ ಬರುತ್ತಿಲ್ಲ. ನೀನು ನನಗೆ ಸುಳ್ಳು ಬರೆದೆಯೋ, ನೆನಪನ್ನೇ ಮೂಸಿದೆಯೋ, ಆಮೇಲೆ ಕೇಳುತ್ತೇನೆ. ಶೆಡ್ಡಿನವರು ಏನೂ ಸರಿ ಮಾಡಿಲ್ಲ. ಬಾಡಿಗೆಯವರು ನಾಜೂಕಲ್ಲ, ಅಂಚೆಯವನದು ಶೋಕಿಯಲ್ಲ. ಬೆಳ್ಳಿ ಕಪ್ಪಾಗುವುದು ಅದೇ ಗಾಳಿಯಿಂದ. ಆ ಗಾಳಿ ಭಾರ, ಹರಿದು ಬಂದು ನೆಲಕ್ಕೇ ಕೂರುತ್ತದೆ. ನನ್ನ ಮಗು ಅದರೊಳಗೆ ಮಲಗುತ್ತಿದೆ. ಇಡೀ ಓಣಿಯಲ್ಲಿ ನಿಜ ಹೇಳುತ್ತಿರುವವಳು ಅವಳೊಬ್ಬಳೇ, ಅವಳನ್ನು ನೀನು ಗದರಿಸುತ್ತಿದ್ದೀಯ.

ಮಾರ್ಚ್ 17. ಜೀಪು ಬಂದಿಲ್ಲ. ಕೆಳಗೆ ಗುಡ್ಡ ಕುಸಿದು ರಸ್ತೆ ಮುಚ್ಚಿದೆಯಂತೆ. ಇಲ್ಲಿಂದ ಹೊರಗೆ ಹೋಗುವುದು ವೈರ್‌ಲೆಸ್ಸಿನಲ್ಲಿ ಹೇಳುವ ಹವಾಮಾನ ವರದಿ ಮಾತ್ರ. ಬೆಳಗಿನ ವರದಿಯಲ್ಲಿ ಗಾಳಿಯ ವೇಗ, ದಿಕ್ಕು, ತಾಪ ಹೇಳಿ ಕೊನೆಗೆ ನಿನ್ನ ವಿಳಾಸ ಹೇಳಿದೆ: ಆ ಮನೆಯಿಂದ ಮಗುವನ್ನು ಹೊರಗೆ ಕರೆದುಕೊಂಡು ಹೋಗಲು ಹೇಳಿ. ಮುಖ್ಯ ಕಚೇರಿಯಿಂದ ಉತ್ತರ ಬಂತು: ವರದಿಯಲ್ಲಿ ಸ್ವಂತ ವಿಷಯ ಸೇರಿಸಬಾರದು. ಮಧ್ಯಾಹ್ನದ ವರದಿಯಲ್ಲಿ ಮತ್ತೆ ಹೇಳಿದೆ. ಸಂಜೆಯದರಲ್ಲೂ. ಮೇಲಧಿಕಾರಿ ಬಂದು ಮೈಕು ಕಿತ್ತುಕೊಂಡರು. ಅವರೂ ಕೆಟ್ಟವರಲ್ಲ, ಟೀ ಮಾಡಿಕೊಟ್ಟರು. ಟೀ ತೆಗೆದುಕೊಂಡು ನಾನೇನು ಮಾಡಲಿ?

ಮಾರ್ಚ್ 19. ರಸ್ತೆ ತೆರೆಯುವ ಲಕ್ಷಣವಿಲ್ಲ. ಈ ಪತ್ರವನ್ನು ಅಂಚೆ ಡಬ್ಬಿಯಲ್ಲಿ ಬಿಟ್ಟು, ನಾನು ನಡೆದೇ ಇಳಿಯುತ್ತಿದ್ದೇನೆ. ಯಾವುದು ಮೊದಲು ತಲುಪುತ್ತದೋ ಅದರ ಮಾತು ಕೇಳು.

ನಿನ್ನ ಮಗಳು


ಮಾರ್ಚ್ 17

ಮಗಳೇ,

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮೊದಲು ಇಷ್ಟು ಓದಿಕೋ: ಪಿಟೀಲು ಉಸಿರಾಡುತ್ತಿದ್ದಾಳೆ. ಮುಖಕ್ಕೆ ಆಮ್ಲಜನಕದ ಕೊಳವೆ ಹಾಕಿದ್ದಾರೆ. ಕಣ್ಣು ಬಿಟ್ಟಿಲ್ಲ. ಉಸಿರಾಡುತ್ತಿದ್ದಾಳೆ.

ಓಣಿಯ ಚರಂಡಿಯ ಚೇಂಬರ್ ಕಟ್ಟಿಕೊಂಡಿತ್ತು. ಇವತ್ತು ಬೆಳಗ್ಗೆ ಪ್ಲಂಬರು ಬಂದ. ನಿನಗೂ ಗೊತ್ತಿರುವವನೇ, ನಮ್ಮ ಬಚ್ಚಲ ನಲ್ಲಿ ಹಾಕಿದವನು. ಎಚ್ಚರದ ಮನುಷ್ಯ. ನನ್ನ ಪಾಠಕ್ಕೆ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದವನು. ಚಪ್ಪಡಿ ಎತ್ತಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ನನ್ನನ್ನು ಕರೆಸಿದ.

"ಟೀಚರಮ್ಮ, ನೀವೊಂದ್ಸಲ ನೋಡ್ಬಿಡಿ. ನೀವು ಇಳಿ ಅಂದ್ರೆ ಇಳೀತೀನಿ" ಅಂದ.

ನಾನು ಮಂಡಿಯೂರಿ ಕೂತೆ. ಮೂಗು ಗುಂಡಿಯ ಬಾಯಿಗೆ ಇಟ್ಟೆ. ಏನೂ ಬರಲಿಲ್ಲ.

ಏನೂ ಎಂದರೆ ಏನೂ ಇಲ್ಲ ಮಗಳೇ. ಚರಂಡಿ ಎಂದ ಮೇಲೆ ಕೆಸರಿನ ವಾಸನೆಯಾದರೂ ಇರಬೇಕಲ್ಲ? ಕೆಲವು ದಿನಗಳಿಂದ ಕಾಫಿ ಬರೀ ಬಿಸಿ ನೀರಾಗಿತ್ತು. ನಿನ್ನ ಪತ್ರವನ್ನು ತಿರುಗಿಸಿ ಮುರುಗಿಸಿ ಮೂಸಿದರೂ ಏನೂ ಬಂದಿರಲಿಲ್ಲ. ನೆಗಡಿಯಿರಬೇಕು ಅಂದುಕೊಂಡು, ನಿನಗೆ ಸೀಮೆಎಣ್ಣೆ ಎಂದು ಬರೆದೆ. ಬಾಯಿಗೆ ಬಂದದ್ದು ಅದೇ. ಅದೆಲ್ಲ ಆ ಗುಂಡಿಯ ಮುಂದೆ ಒಟ್ಟಿಗೆ ತಲೆಗೆ ಬಂತು. ಸುತ್ತ ಇಡೀ ಓಣಿ ನಿಂತಿತ್ತು. ಹಿಂದಿನಿಂದ ಪಿಟೀಲು ನನ್ನ ಬಟ್ಟೆ ಜಗ್ಗಿ, "ಅಜ್ಜೀ, ಗಬ್ಬು! ಅಜ್ಜೀ, ಮೊಟ್ಟೆ!" ಎಂದು ಕುಯ್ಯುತ್ತಿದ್ದಳು. ಎಲ್ಲರೂ ತಮ್ಮ ಮೂಗಿಗಿಂತ ನನ್ನದನ್ನೇ ನಂಬಿ ನನ್ನ ಮುಖ ನೋಡುತ್ತಿದ್ದರು. ನನಗೆ ವಾಸನೆ ಬರ್ತಿಲ್ಲ ಕಣ್ರಪ್ಪ ಎಂದು ಹೇಳಲು ಬಾಯಿ ಬರಲಿಲ್ಲ.

"ಸುಮ್ನಿರೇ" ಎಂದು ಅವಳ ಕೈ ಕೊಡವಿದೆ. ಅವನಿಗೆ "ಏನಿಲ್ಲ, ಇಳಿ" ಅಂದೆ.

ಅವನು ಅರ್ಧ ಇಳಿಯುವಷ್ಟರಲ್ಲಿ ಕೈ ಬಿಟ್ಟ. ಕೂಗಲೂ ಇಲ್ಲ. ಹಗ್ಗ ಹಿಡಿದವರು ಎಳೆದು ಹಾಕಿದಾಗ ಮುಖ ಬೂದಿ ಬಣ್ಣವಾಗಿತ್ತು. ಎಲ್ಲರೂ ಅವನ ಸುತ್ತ ಮುಗಿಬಿದ್ದೆವು. ಪಿಟೀಲು ಯಾವಾಗ ಹೋದಳೋ ಯಾರೂ ನೋಡಲಿಲ್ಲ. ಅವನ ಮುಖಕ್ಕೆ ನೀರು ತರಬೇಕೆಂದು ಮನೆಯೊಳಗೆ ಓಡಿದ್ದಾಳೆ. ಅವನು ಬಿದ್ದು ಕೆಸರು ಕದಡಿದ ಮೇಲೆ ಒಳಗಿದ್ದ ಗಾಳಿಯೆಲ್ಲ ನಮ್ಮ ಬಚ್ಚಲಿಗೇ ನುಗ್ಗಿತ್ತು. ಲಾಂಡ್ರಿಯಾಕೆ ಅವಳನ್ನು ಎತ್ತಿಕೊಂಡು ಹೊರಗೆ ಬಂದಳು. ಕೈಯಲ್ಲಿ ಚೊಂಬು ಇನ್ನೂ ಬಿಟ್ಟಿರಲಿಲ್ಲ. ಲಾಂಡ್ರಿಯಾಕೆಯ ಕಾಲಲ್ಲಿ ಚಪ್ಪಲಿ ಇರಲಿಲ್ಲ. ನಾನು ಕಲಿಸಿದ ಪಾಠವನ್ನು ಅವಳು ಮಾಡಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಸ್ಪಿರಿಟ್ಟಿನ ಹತ್ತಿ ಮೂಗಿಗೆ ಹಿಡಿದು, ಏನಮ್ಮ ಇದು ಅಂದರು. ತಣ್ಣಗಿದೆ ಅಂದೆ.

ಈ ಪತ್ರ ನಿನಗೆ ಯಾವಾಗ ಸಿಗುತ್ತದೋ. ನೀನು ಬಾ. ಬಂದು ನನ್ನನ್ನು ಏನು ಬೇಕಾದರೂ ಅನ್ನು. ಬೇಗ ಬಾ.

ಅಮ್ಮ


ಏಪ್ರಿಲ್ 11

ಮಗಳಿಗೆ,

ನಿನ್ನ ಪತ್ರ ಇವತ್ತು ಬಂತು. "ಎತ್ತಿಕೊಂಡು ಹೊರಗೆ ಹೋಗು" ಎಂದು ಮೊದಲ ಸಾಲು. ಮನೆಯಲ್ಲಿ ಎತ್ತಿಕೊಳ್ಳಲು ಯಾರೂ ಇರಲಿಲ್ಲ. ಆದರೂ ಎದ್ದು ಬೀದಿಗೆ ಹೋಗಿ ನಿಂತೇ ಓದಿದೆ.

ನೀನು ಆಸ್ಪತ್ರೆಗೆ ಬಂದ ದಿನ ಕಾಲೆಲ್ಲ ಗಾಯ, ಶೂ ಹರಿದು ಬೆರಳು ಹೊರಗೆ ಬಂದಿತ್ತು. ಆ ಬೆಟ್ಟವನ್ನು ಹೇಗೆ ಇಳಿದೆಯೋ ಕೇಳಬೇಕೆಂದಿದ್ದೆ. ನೀನು ನನ್ನ ಮುಖ ನೋಡಲಿಲ್ಲ. ಪಿಟೀಲು ಕಣ್ಣು ಬಿಟ್ಟು ನಿನ್ನನ್ನು ಗುರುತು ಹಿಡಿದ ದಿನ ಹೊರಗೆ ಬಂದು ನನ್ನ ಹತ್ತಿರ ಒಂದೇ ಮಾತು ಕೇಳಿದೆ: "ಅವಳ ಸ್ವೆಟರ್ ಎಲ್ಲಿ?" ಮನೆಯಲ್ಲಿದೆ, ತಂದುಕೊಡ್ತೀನಿ ಅಂದೆ. ತರುವಷ್ಟರಲ್ಲಿ ನೀವಿಬ್ಬರೂ ಹೊರಟುಹೋಗಿದ್ದಿರಿ.

ನೀನು ಬೈದಿದ್ದರೆ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಈಗ ಯಾವುದನ್ನು ಹಾಕಿಕೊಳ್ಳಲಿ?

ಸ್ವೆಟರ್ ಇಲ್ಲೇ ಇದೆ. ವಿಳಾಸ ಕಳಿಸು. ಈ ಪತ್ರವನ್ನು ನಿಮ್ಮ ಮುಖ್ಯ ಕಚೇರಿಗೆ ಹಾಕುತ್ತಿದ್ದೇನೆ, ಅವರು ನಿನಗೆ ಮುಟ್ಟಿಸಬಹುದು.

ಅಮ್ಮ


ಜೂನ್ 8

ಮಗಳಿಗೆ,

ನಿನ್ನಿಂದ ಉತ್ತರವಿಲ್ಲ. ಕೇಳುತ್ತಿಲ್ಲ, ಹೇಳುತ್ತಿದ್ದೇನೆ ಅಷ್ಟೆ.

ಪ್ಲಂಬರನ್ನು ಮನೆಗೆ ಕರೆತಂದಿದ್ದಾರೆ. ನಡೆಯುತ್ತಾನೆ, ಉಣ್ಣುತ್ತಾನೆ. ಸ್ಪ್ಯಾನರ್ ಕೈಗೆ ಕೊಟ್ಟರೆ ಅದನ್ನೇ ನೋಡುತ್ತ ಕೂರುತ್ತಾನೆ. ಅವನ ಹೆಂಡತಿಯ ಮುಂದೆ ಹೋಗಿ ನಿಂತೆ. ನಡೆದದ್ದೆಲ್ಲ ಹೇಳಿದೆ, ವಾಸನೆ ಬರುತ್ತಿಲ್ಲವೆಂದು ಗೊತ್ತಿದ್ದೂ ಇಳಿ ಅಂದೆ ಎಂಬುದನ್ನೂ ಹೇಳಿದೆ. ಅವಳು ಕೂಗಾಡಲಿಲ್ಲ. "ಅವ್ರು ಈಗ್ಲೂ ನಿಮ್ಮನ್ನ ಟೀಚರಮ್ಮ ಅಂತಾರೆ. ನೀವು ಇನ್ನೊಂದ್ಸಲ ಬರ್ಬೇಡಿ" ಎಂದು ಬಾಗಿಲು ಹಾಕಿಕೊಂಡಳು.

ಇಲಾಖೆಯವರು ಈಗ ತಗ್ಗಿನ ಮನೆಗಳಿಗೆಲ್ಲ ಮೀಟರು ಹಾಕಿದ್ದಾರೆ. ಶೆಡ್ಡಿನವರಿಗೆ ನೋಟಿಸು ಹೋಗಿದೆಯಂತೆ, ಅವರು ಕೋರ್ಟಿಗೆ ಹೋಗಿದ್ದಾರಂತೆ. ಚರಂಡಿ ಹಾಗೇ ಹರಿಯುತ್ತಿದೆ. ನಮ್ಮ ಬಚ್ಚಲ ಮೀಟರು ಸಂಜೆಯಾದರೆ ಕಿರುಚುತ್ತದೆ. ಸಣ್ಣ ದನಿ. ಅದು ಕೂಗಿದ ಕೂಡಲೇ ಎದ್ದು ಹೊರಗೆ ಹೋಗುತ್ತೇನೆ, ಸುಮ್ನಿರೇ ಅನ್ನುವುದಿಲ್ಲ.

ಪೆಟ್ಟಿಗೆಯನ್ನು ವಾಪಸು ಕೊಡಲು ಹೋದೆ. ಇನ್‌ಸ್ಪೆಕ್ಟರು ತೆಗೆದುಕೊಳ್ಳಲಿಲ್ಲ. "ಈಗಲೇ ನೀವು ಪಾಠ ಮಾಡ್ಬೇಕಾದ್ದು" ಅಂದರು. ಹಾಗಾಗಿ ಹೋಗುತ್ತಿದ್ದೇನೆ. ನಮ್ಮ ಓಣಿಯಲ್ಲಿ ಎಷ್ಟೋ ಮನೆಯವರು ಬಾಗಿಲು ತೆರೆಯುವುದಿಲ್ಲ. ಬಾಗಿಲ ಹೊರಗೇ ನಿಂತು ಹೇಳುತ್ತೇನೆ. ತೆರೆದ ಮನೆಗಳಲ್ಲಿ ಈಗ ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳುವವಳು ನಾನು. ಕೊಳೆತ ಮೊಟ್ಟೆಯ ಸೀಸೆಯನ್ನು ಅವರ ಕೈಗೇ ಕೊಟ್ಟು ನನ್ನ ಮೂಗಿಗೆ ಹಿಡಿಯಲು ಹೇಳುತ್ತೇನೆ. ಅವರು ಮುಖ ತಿರುಗಿಸಿ ಕೆಮ್ಮುವುದು ಕೇಳಿಸುತ್ತದೆ. ನಾನು ಸುಮ್ಮನೆ ಕೂತಿರುತ್ತೇನೆ. ವಾಸನೆ ಬಂದರೆ ಓಡಿ ಎಂದು ಕಲಿಸಿದ್ದೆ. ಬರುತ್ತಿದ್ದ ವಾಸನೆ ಇದ್ದಕ್ಕಿದ್ದ ಹಾಗೆ ನಿಂತರೆ ಇನ್ನೂ ಬೇಗ ಓಡಿ ಎಂದು ಕಲಿಸಲಿಲ್ಲ. ಮಗು ಗಬ್ಬು ಅಂದರೆ ಮಗುವನ್ನು ನಂಬಿ ಎಂದು ಕಲಿಸಲಿಲ್ಲ. ಈಗ ಕಲಿಸುತ್ತೇನೆ. ಯಾರಿಗೆ ಬೇಕು ಈಗ ಎಂದು ಒಬ್ಬ ಮುದುಕ ಮುಖಕ್ಕೆ ಹೊಡೆದ ಹಾಗೆ ಕೇಳಿದ. ಮುಂದಿನ ಮನೆಗೆ ಹೋದೆ.

ನನ್ನ ಮೂಗು ಇನ್ನು ತಿರುಗಿ ಬರುವುದು ಅನುಮಾನ ಎಂದಿದ್ದಾರೆ ಡಾಕ್ಟರು. ಅದಕ್ಕೆ ಅಳುವುದಿಲ್ಲ. ಆದರೆ ಒಂದು ಮಾತು ಕೇಳಲೇಬೇಕು, ಕೇಳುವುದಿಲ್ಲ ಎಂದು ಮೊದಲು ಬರೆದದ್ದು ಸುಳ್ಳು. ಸ್ವೆಟರನ್ನು ಒಗೆದಿಲ್ಲ. ಗಿಡ್ಡ ತೋಳಿನ ಹತ್ತಿರ ಅವಳು ಬಾಯಿ ಒರೆಸಿಕೊಂಡ ಗುರುತಿದೆ. ದಿನಾ ಅದನ್ನು ಮುಖಕ್ಕೆ ಒತ್ತಿಕೊಳ್ಳುತ್ತೇನೆ. ಬರೀ ಉಣ್ಣೆ ಚುಚ್ಚುತ್ತದೆ. ನೀನು ನನ್ನ ಹತ್ತಿರ ಮಾತಾಡಬೇಡ, ಕ್ಷಮಿಸಬೇಡ. ಒಂದು ಕಾರ್ಡಿನಲ್ಲಿ ಇಷ್ಟು ಮಾತ್ರ ಬರೆದು ಹಾಕು: ನಿನ್ನ ಮಗಳ ನೆತ್ತಿಗೆ ಈಗ ಯಾವ ವಾಸನೆ ಇದೆ?

ಅಮ್ಮ


ಜೂನ್ 29

ಅಮ್ಮಾ,

ನಿನ್ನ ಪತ್ರಗಳೆಲ್ಲ ಬಂದಿವೆ. ನನಗೆ ಕೆಳಗಿನ ಕಚೇರಿಗೆ ವರ್ಗವಾಯಿತು. ಇಬ್ಬರೂ ಒಂದು ಕೋಣೆಯಲ್ಲಿದ್ದೇವೆ, ವಿಳಾಸ ಹಿಂದೆ ಇದೆ.

ನಾನು ಸಿಟ್ಟಿನಲ್ಲಿದ್ದೇನೆ. ಇದು ಹೋಗುವ ಸಿಟ್ಟೋ ಅಲ್ಲವೋ ನನಗೇ ತಿಳಿಯದು. ಬೆಳಗ್ಗೆ ಒಮ್ಮೊಮ್ಮೆ ಇರುವುದಿಲ್ಲ, ಅವಳು ಮೆಟ್ಟಿಲು ಹತ್ತಿ ಏದುಸಿರು ಬಿಡುವುದನ್ನು ನೋಡಿದರೆ ಮತ್ತೆ ಬರುತ್ತದೆ. ಆದರೆ ನೀನು ಕೇಳಿದ್ದನ್ನು ಇಲ್ಲ ಅನ್ನಲು ನನ್ನಿಂದ ಆಗಲಿಲ್ಲ. ನಿನ್ನೆ ಅವಳು ನಿದ್ದೆ ಹೋದ ಮೇಲೆ ನೆತ್ತಿಗೆ ಮೂಗಿಟ್ಟು ಮೂಸಿದೆ. ಬೆವರು, ಪೆನ್ಸಿಲ್ ಹೆರೆದ ಪುಡಿ, ಬಿಸಿಲಿಗೆ ಹಾಕಿದ ದಿಂಬು. ಕಿವಿಯ ಹಿಂದೆ ಒಂಚೂರು ಹಾಲು. ನಿನ್ನಷ್ಟು ಚೆನ್ನಾಗಿ ನನಗೆ ಬಿಡಿಸಿ ಹೇಳಲು ಬರುವುದಿಲ್ಲ.

ಇಷ್ಟು ದಿನ ನಾನು ಬರೆಯದಿದ್ದುದು ಬರಿಯ ಸಿಟ್ಟಿನಿಂದ ಅಲ್ಲ. ಬರೆದರೆ ಇದನ್ನೂ ಬರೆಯಬೇಕಾಗಿತ್ತು. ಪಿಟೀಲು ಆಡುತ್ತಾಳೆ, ಓದುತ್ತಾಳೆ, ಮತ್ತೆ ಕುಯ್ಯಲು ಶುರು ಮಾಡಿದ್ದಾಳೆ. ಆದರೆ ಹಾಲು ಹೊತ್ತಿ ಕಪ್ಪಾದರೂ ಒಲೆಯ ಪಕ್ಕದಲ್ಲೇ ಕೂತಿರುತ್ತಾಳೆ. ನೀಲಗಿರಿ ಎಣ್ಣೆ ಹಿಡಿದರೆ ಕಣ್ಣುಜ್ಜಿಕೊಳ್ಳುತ್ತಾಳೆ, ಇದು ಏನು ಅಂದರೆ ನೀರು ಅನ್ನುತ್ತಾಳೆ. ಇಲ್ಲಿಯ ಡಾಕ್ಟರೂ ನಿನ್ನ ಡಾಕ್ಟರು ಹೇಳಿದ್ದನ್ನೇ ಹೇಳಿದರು. ಚಿಕ್ಕವಳು, ಕಾದು ನೋಡಿ ಎಂದು ಅಷ್ಟು ಸೇರಿಸಿದರು.

ಮೊನ್ನೆ ಸ್ನಾನ ಮಾಡಿಸುವಾಗ ಸಾಬೂನನ್ನು ಮೂಗಿಗೆ ಹಿಡಿದುಕೊಂಡು, "ಅಮ್ಮಾ, ಇದ್ರ ವಾಸ್ನೆ ಯಾಕೆ ಖಾಲಿಯಾಯ್ತು? ಅಜ್ಜಿ ಫ್ಯಾಕ್ಟರೀಲಿ ಹಾಕೋದು ಮರೆತ್ರಾ?" ಅಂದಳು. ನಾನು ಏನೋ ಹೇಳಲು ಹೋದೆ. ಗಮಗಮ ಅಂದೆ. ಗಮಗಮ ಅಂದ್ರೆ ಹೇಗೆ ಅಂದಳು. ನನಗೆ ಅದನ್ನು ಹೇಳಿಕೊಡಲು ಬರುವುದಿಲ್ಲ.

ನಿನಗೆ ಬರುತ್ತದೆ. ಮೂಗು ಹೋದರೂ ನೀನು ಯಾವುದನ್ನೂ ಮರೆತಿರುವುದಿಲ್ಲ. ಸ್ವೆಟರ್ ಕಳಿಸು. ಅದರ ಜೊತೆ ಅವಳಿಗೊಂದು ಪತ್ರ ಬರೆ, ಸಾಬೂನಿಗೆ ಯಾವ ವಾಸನೆ ಇರುತ್ತದೆ ಎಂದು. ಅವಳಿಗೆ ಓದಿ ಹೇಳುತ್ತೇನೆ.

ನಿನ್ನ ಮಗಳು